ಎರೆಗೊಬ್ಬರ ಅಂತ ಹಸಿ ಸಗಣಿ ಕೊಂಡೆ, ನೀವಾದ್ರೂ ಎಲ್ಲ ಚೀಲ ಬಿಚ್ಚಿಸಿ ನೋಡಿ

ಧಾರವಾಡದ ಹತ್ತಿರ ನಮ್ಮದು ಹತ್ತು ಗುಂಟೆ ಮಸಾರಿ ಹೊಲ. ಗಜ್ಜರಿ ಹಾಕೋಣ, ಮಣ್ಣು ಸಡಿಲಾಗಲಿ, ಗಡ್ಡೆ ನೆಟ್ಟಗೆ ಇಳಿಯಲಿ ಅಂತ 20 ಚೀಲ ಎರೆಗೊಬ್ಬರ ತರಿಸಿದೆ. ಚೀಲಕ್ಕೆ 450, ಗಾಡಿ ಬಾಡಿಗೆ 1,200 ಬೇರೆ. ಒಟ್ಟು 10,200 ರೂಪಾಯಿ, ಅದೂ ಗಾಡಿ ಬರೋ ಮೊದಲೇ ಫೋನ್‌ಪೇ ಮಾಡಿಬಿಟ್ಟೆ. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ನನ್ನ ಮುಂದೆ ಎರಡೇ ಚೀಲ ಬಿಚ್ಚಿದರು. ಚಹಾಪುಡಿ ಇದ್ದ ಹಾಗಿತ್ತು. ಅವೆರಡನ್ನೂ ಅವತ್ತೇ ಬದುವಿನ ಪಕ್ಕದ ಮಡಿಗೆ ಹಾಕಿದೆ. ಮರುದಿನ ಮೂರನೇ ಚೀಲಕ್ಕೆ ಕೈ ಹಾಕಿದರೆ ಒಳಗೆ ಬೆಚ್ಚಗೆ! ಮೂಗಿಗೆ ಘಾಟು. ಅರ್ಧ ಕೊಳೆತ ಸಗಣಿ ಉಂಡೆ, ಕರಿಮಣ್ಣು, ನಡುವೆ ಗುಟ್ಕಾ ಚೀಟಿ. ಹುಳು ತಿಂದು ಬಿಟ್ಟ ಗೊಬ್ಬರ ತಣ್ಣಗಿರಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು ಅಲ್ವಾ? ಮಾರಿದವನಿಗೆ ಫೋನ್ ಮಾಡಿದೆ.

"ಬಿಸಿ ಇದ್ರನ ಪವರ್ ಜಾಸ್ತಿ ರೀ ಸರ್."

ಪವರ್ ಅಂತೆ, ಪವರ್! ನಾನು ನಂಬಿದೆ. ಕೈ ಸುಡುತ್ತಿದ್ದರೂ ನಂಬಿದೆ. ಹದ ಹೋಗುತ್ತದೆ ಅನ್ನೋ ಅವಸರದಲ್ಲಿ ಎಲ್ಲ ಹಾಕಿ ಬಿತ್ತಿದೆ.

ಮೂರು ತಿಂಗಳಿಗೆ ಕಿತ್ತರೆ ಮೇಲೆ ಸೊಪ್ಪೋ ಸೊಪ್ಪು. ಕೆಳಗೆ ಎರಡು ಕಾಲು, ಮೂರು ಕಾಲಿನ ಗಡ್ಡೆ, ಮೈತುಂಬ ಕೂದಲಿನಂಥ ಬೇರು. ಮಾರ್ಕೆಟ್‌ನಲ್ಲಿ ದಲಾಲಿ ಒಂದನ್ನು ಎತ್ತಿ ಹಿಡಿದು "ಇದೇನ್ ಗಜ್ಜರಿನೋ, ಶುಂಠಿನೋ?" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಪಕ್ಕದ ಹೊಲದ ಕಾಕಾ ಮಾತ್ರ ನಗಲಿಲ್ಲ, "ಗಜ್ಜರಿಗೆ ಹಸಿ ಗೊಬ್ಬರ ಹಾಕತಾರೇನೋ ತಮ್ಮಾ? ವರ್ಷ ಕಳಿತ ತಿಪ್ಪಿ ಗೊಬ್ಬರ ನನ್ನ ಹತ್ರನ ಇತ್ತಲ್ಲೋ" ಅಂದರು. ಅದು ಇನ್ನೂ ಚುಚ್ಚಿತು.

ಮಾರಿದವನಿಗೆ ಮತ್ತೆ ಫೋನ್. ಮೊದಲು ಬೀಜದ ದೋಷ ಅಂದ. ಆಮೇಲೆ ನೀರು ಜಾಸ್ತಿ ಬಿಟ್ಟೀರಿ ಅಂದ. ಆಮೇಲೆ ನಿಮ್ಮ ಮಣ್ಣಾಗ ಹರಳ ಅದಾವ ಅಂದ. ಹರಳಿದ್ದರೂ ಗಡ್ಡೆ ಕವಲೊಡೆಯುತ್ತದೆ, ನಿಜ. ಆದರೆ ಅದೇ ಹೊಲದಲ್ಲಿ, ಅದೇ ಬೀಜ, ಅದೇ ನೀರು, ಬದುವಿನ ಪಕ್ಕದ ಆ ಒಂದು ಮಡಿ ಮಾತ್ರ ನೆಟ್ಟಗೆ ಬಂದಿದೆಯಲ್ಲ!

ದೂರು ಕೊಡೋಣ ಅಂದರೆ ಬಿಲ್ ಇಲ್ಲ. ಎರೆಗೊಬ್ಬರಕ್ಕೂ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅನ್ವಯಿಸುತ್ತದೆ, ಸಾರಜನಕ ಕನಿಷ್ಠ 1%, ತೇವ 15ರಿಂದ 25% ಇರಬೇಕು. ನನ್ನವು ಹಳೆ ಹಿಂಡಿ ಚೀಲ, ಮೇಲೆ ಒಂದಕ್ಷರವೂ ಇಲ್ಲ. ಬಿಲ್ ಕೇಳಿ, ಚೀಲ ನೀವೇ ಆರಿಸಿ ಬಿಚ್ಚಿಸಿ, ಬಿಸಿ ಇದ್ದರೆ ಗಾಡಿ ವಾಪಸ್ ಕಳಿಸಿ. ದುಡ್ಡು ಆಮೇಲೆ.

ಆ ಒಳ್ಳೆ ಮಡಿಯ ಫೋಟೋನೂ ಅವನಿಗೆ ಕಳಿಸಿದ್ದೆ. ಸಂಜೆಗೆ ಉತ್ತರ ಬಂತು: "ನೋಡ್ರಿ ಸರ್, ಅದೂ ನಮ್ಮ ಗೊಬ್ಬರನ ಅಲ್ಲೇನ್ರೀ?"