ಅಡಿಕೆ ಲೆಕ್ಕಕ್ಕೆ ಎಸ್‌ಕ್ಯೂಲೈಟ್: ನಾಲ್ಕು ಮಳೆಗಾಲದ ನಂತರ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಡಿಕೆಯ ಲೆಕ್ಕವೆಲ್ಲ ಅಪ್ಪನ ಉದ್ದನೆಯ ಪುಸ್ತಕದಲ್ಲಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕುಳಿತಾಗ ಅಭ್ಯಾಸಕ್ಕೆ ಅದನ್ನೇ ಎತ್ತಿಕೊಂಡೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಬಗೆಗಳ ಹೆಸರುಗಳನ್ನು ಲಿಸ್ಟ್ ಎಂಬ ಪಟ್ಟಿಯಲ್ಲಿ ಜೋಡಿಸಿ, ತೂಕ ಮತ್ತು ದರವನ್ನು ಹೆಸರಿಗೆ ಮೌಲ್ಯ ಜೋಡಿಸಿಡುವ ಡಿಕ್ಷನರಿಗಳಲ್ಲಿ ತುಂಬಿದೆ. ಪ್ರೋಗ್ರಾಂ ಮುಚ್ಚಿದೊಡನೆ ಎಲ್ಲ ಮಾಯ. ಮೆಮೊರಿಯಲ್ಲಿರುವುದು ಪ್ರೋಗ್ರಾಂ ಮುಗಿದಾಗ ಅಳಿಯುತ್ತದೆ ಎಂದು ಓದಿದ್ದೆ, ಆದರೆ ಎರಡು ತಾಸಿನ ಕೆಲಸ ನೀರಿಗೆ ಬಿದ್ದಾಗಲೇ ಅದು ತಲೆಗೆ ಹೋದದ್ದು.

ಮುಂದಿನ ಪ್ರಯೋಗ ಸಿಎಸ್‌ವಿ ಕಡತ. ಅದರಲ್ಲಿ ಕಾಲಂಗಳನ್ನು ಬೇರ್ಪಡಿಸುವುದು ಅಲ್ಪವಿರಾಮ. ನಾನೋ ದರವನ್ನು 38,500 ಎಂದು ಬರೆದು ರೂಢಿಯಾದವನು. ಒಂದೂವರೆ ಎಕರೆ ತೋಟದವನು 38 ರೂಪಾಯಿ ದರದಲ್ಲಿ 500 ಕ್ವಿಂಟಲ್ ಮಾರಿದ ಲೆಕ್ಕ ತೆರೆಯ ಮೇಲೆ ಬಂದಾಗ ಅಪ್ಪ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಎಸ್‌ಕ್ಯೂಲೈಟ್‌ಗೆ ಬಂದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್‌ಗೆ ಹಣ ಕೊಡಬೇಕಿಲ್ಲ, ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಪೈಥಾನ್ ಜೊತೆಗೇ ಬರುತ್ತದೆ. ಇಡೀ ಲೆಕ್ಕ ಒಂದೇ ಕಡತದಲ್ಲಿರುವುದರಿಂದ ಪ್ರೋಗ್ರಾಂ ಮುಚ್ಚಿ ಪೆನ್‌ಡ್ರೈವ್‌ಗೆ ನಕಲಿಸಿಕೊಂಡರೆ ಮುಗಿಯಿತು. ಆರಂಭದಲ್ಲಿ ಒಮ್ಮೆ ಕಮಿಟ್ ಮಾಡಲು, ಅಂದರೆ ಬರೆದದ್ದನ್ನು ಕಾಯಂಗೊಳಿಸಲು, ಮರೆತು ಒಂದು ದಿನದ ನಮೂದು ಕಳೆದುಕೊಂಡೆ. ಅದು ನನ್ನ ತಪ್ಪು. ಆಷಾಢದಲ್ಲಿ ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ಊರಿದು. ನಮೂದಿನ ನಡುವೆ ಕಂಪ್ಯೂಟರ್ ಆರಿದರೂ ಅರ್ಧಂಬರ್ಧ ಸಾಲು ಉಳಿದದ್ದನ್ನು ನಾನು ಈವರೆಗೆ ಕಂಡಿಲ್ಲ. ಬರೆದರೆ ಪೂರ್ತಿ ಬರೆಯುತ್ತದೆ, ಇಲ್ಲವಾದರೆ ಹಿಂದಿನ ಸ್ಥಿತಿಗೇ ಮರಳುತ್ತದೆ.

ನನ್ನ ದೂರು ಬೇರೆ. ಇದು ವಿಪರೀತ ಸೌಮ್ಯ. ದರದ ಕಾಲಂ ಪೂರ್ಣಾಂಕಕ್ಕೆ ಎಂದು ಘೋಷಿಸಿದ್ದರೂ, "38,500" ಎಂದು ಅಲ್ಪವಿರಾಮ ಸಮೇತ ಕೊಟ್ಟರೆ ತಕರಾರಿಲ್ಲದೆ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಹೋಲಿಸುವಾಗ ಅದಕ್ಕೆ ಯಾವ ಅಕ್ಷರವೂ ಎಲ್ಲ ಸಂಖ್ಯೆಗಳಿಗಿಂತ ದೊಡ್ಡದು. ಹಾಗಾಗಿ ಅತಿ ಹೆಚ್ಚಿನ ದರ ಯಾವುದೆಂದು ಕೇಳಿದಾಗಲೆಲ್ಲ 46,000ಕ್ಕೆ ಮಾರಿದ ರಾಶಿಯನ್ನು ಬಿಟ್ಟು ಅಲ್ಪವಿರಾಮ ಸಮೇತ ನಮೂದಿಸಿದ್ದ ಹಳೆಯ ಚಾಲಿಯನ್ನೇ ತೋರಿಸುತ್ತಿತ್ತು. ಒಂದು ಇಡೀ ಹಂಗಾಮು ನಾನು ಆ ಉತ್ತರವನ್ನು ನಂಬಿದ್ದೆ! ಕೊನೆಗೆ ಮಾಹಿತಿ ಯಾವ ಬಗೆಯದೆಂದು ಹೇಳುವ ಟೈಪ್‌ಆಫ್ ಎಂಬ ಫಂಕ್ಷನ್‌ನಿಂದ ಪ್ರತಿ ಸಾಲನ್ನೂ ಕೇಳಿದಾಗ ಗುಟ್ಟು ಹೊರಬಿತ್ತು.

ಕಾರವಾರದಲ್ಲಿರುವ ಅಕ್ಕ ಊರಿಗೆ ಬಂದಾಗ ನಮೂದು ಮಾಡಲು ಕುಳಿತಳು. ಅವಳು ಅಂಕಿಗಳನ್ನೂ ಕನ್ನಡದಲ್ಲೇ ಬರೆಯುವವಳು. ೩೮೫೦೦ ಕೂಡ ಎಸ್‌ಕ್ಯೂಲೈಟ್‌ಗೆ ಬರಿಯ ಅಕ್ಷರ. ತಮಾಷೆಯೆಂದರೆ ಅಕ್ಷರವನ್ನು ಪೂರ್ಣಾಂಕವಾಗಿಸುವ ಪೈಥಾನ್‌ನ ಇಂಟ್ ಫಂಕ್ಷನ್ ಕನ್ನಡದ ಅಂಕಿಗಳನ್ನು ಸಲೀಸಾಗಿ ಓದುತ್ತದೆ. ಈಗ ಯಾರ ನಮೂದಾದರೂ ಮೊದಲು ಅಲ್ಪವಿರಾಮ ಕಿತ್ತು, ಇಂಟ್ ದಾಟಿಸಿ, ಆಮೇಲೆ ಒಳಗೆ ಬಿಡುತ್ತೇನೆ. ಟೇಬಲ್ಲನ್ನೂ ಸ್ಟ್ರಿಕ್ಟ್ ಎಂದು ಮತ್ತೆ ಕಟ್ಟಿದೆ. 2021ರ 3.37ನೇ ಆವೃತ್ತಿಯಿಂದ ಈ ಸೌಲಭ್ಯವಿದೆ, ತಪ್ಪು ಬಗೆಯ ಮಾಹಿತಿ ಕೊಟ್ಟರೆ ನೇರವಾಗಿ ತಿರಸ್ಕರಿಸುತ್ತದೆ. ಕಲಿಯುವವರು ಮೊದಲ ದಿನದಿಂದಲೇ ಹಾಗೆ ಕಟ್ಟಿಕೊಳ್ಳುವುದು ಒಳ್ಳೆಯದು.

ಇಬ್ಬರು ಒಟ್ಟಿಗೆ ಬರೆಯುವ ಕೆಲಸಕ್ಕೆ ಇದನ್ನು ನೆಚ್ಚಬೇಡಿ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು, ಇನ್ನೊಬ್ಬರು ಕಾಯಬೇಕು. ನಮ್ಮಂಥ ಮನೆಗೆ ಅದು ತೊಂದರೆಯಲ್ಲ.

ಅಪ್ಪ ಪುಸ್ತಕವನ್ನು ಬಿಟ್ಟಿಲ್ಲ. ಹಂಗಾಮು ಮುಗಿದ ಮೇಲೆ ಎರಡನ್ನೂ ತಾಳೆ ನೋಡುತ್ತೇವೆ. ಕಳೆದ ಸಲ 640 ರೂಪಾಯಿ ವ್ಯತ್ಯಾಸ ಬಂತು. ಹುಡುಕಿದರೆ, ನನ್ನ ಟೇಬಲ್‌ನಲ್ಲಿ ಹಮಾಲಿಗೆ ಕಾಲಂ ಇಡುವುದನ್ನೇ ಮರೆತಿದ್ದೆ.