ರಾತ್ರಿ ಪಾಳಿಗೆ ಪಿಟಿಐ ಕ್ರೀಡಾ ಸೇವೆ

ಪತ್ರಿಕೆಗಳೇ ಒಡೆತನ ಹೊಂದಿ, 1949ರಲ್ಲಿ ಕಾರ್ಯಾರಂಭ ಮಾಡಿದ ಸುದ್ದಿಸಂಸ್ಥೆ ಪಿಟಿಐ (ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ) ಇಲ್ಲದ ಕನ್ನಡ ಕ್ರೀಡಾಪುಟವನ್ನು ಊಹಿಸುವುದು ಕಷ್ಟ. ಸಂಜೆ 7.30ಕ್ಕೆ ಆರಂಭವಾಗುವ ಐಪಿಎಲ್ ಪಂದ್ಯ ಹನ್ನೊಂದು ದಾಟಿ ಮುಗಿಯುವಷ್ಟರಲ್ಲಿ ದೂರದ ಜಿಲ್ಲೆಗಳ ಆವೃತ್ತಿ ಅಚ್ಚಿಗೆ ಹೋಗುವ ಹೊತ್ತಾಗಿರುತ್ತದೆ. ಮೊದಲು ಸ್ಕೋರು, ಬಳಿಕ ಚುಟುಕು ವರದಿ, ಕೊನೆಗೆ ನಾಯಕರ ಮಾತು ಎಂದು ಪಿಟಿಐಯಿಂದ ಕಂತುಕಂತಾಗಿ ಬರುವ ಸುದ್ದಿಪ್ರತಿಯನ್ನು ಉಪಸಂಪಾದಕರು ಅನುವಾದಿಸುತ್ತಲೇ ಪುಟ ಕಟ್ಟಬಹುದು. ಈ ವೇಗಕ್ಕೆ ಪೂರ್ಣ ಅಂಕ. ಆದರೆ ದೇಶಕ್ಕೆಲ್ಲ ಬರೆಯುವ ಸುದ್ದಿಸಂಸ್ಥೆಯ ಗಮನ ಸಹಜವಾಗಿಯೇ ಫಲಿತಾಂಶದ ಮೇಲಿರುವುದರಿಂದ, ರಣಜಿಯಲ್ಲಿ ಕರ್ನಾಟಕದ ಬೌಲರೊಬ್ಬ ಹಳೆಯ ಚೆಂಡಿನಲ್ಲಿ ಬೆವರು ಸುರಿಸಿದ ಸ್ಪೆಲ್ ಒಂದೇ ವಾಕ್ಯದಲ್ಲಿ ಮುಗಿದೀತು. ಕೊಡವ ಕೌಟುಂಬಿಕ ಹಾಕಿಯ ಆರಂಭಿಕ ಸುತ್ತುಗಳನ್ನಂತೂ ಅಲ್ಲಿ ಹುಡುಕಬಾರದು. ಅವಕ್ಕೆ ಸ್ವಂತ ವರದಿಗಾರರೇ ಬೇಕು. ಚಂದಾ ಕಟ್ಟಿದ್ದೇವಲ್ಲ ಎಂದು ಆ ಹುದ್ದೆಯನ್ನೇ ಖಾಲಿ ಬಿಡುವ ಪತ್ರಿಕೆಗಳಿಗೆ ಈ ಸೇವೆಯನ್ನು ಶಿಫಾರಸು ಮಾಡಲಾರೆ.