ಚಾರ್ಟ್ ಪ್ಲಾಟರ್‌ಗೆ ಫಿಶ್ ಫೈಂಡರ್ ಜೋಡಿಸಿ ನಾಲ್ಕು ವರ್ಷ

ಮೀನು ತೋರಿಸುತ್ತದೆ ಅಂತ ಕೊಂಡ ಯಂತ್ರ ಇದು, ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ಸೋನಾರ್. ನಾಲ್ಕು ವರ್ಷ ಕಳೆದ ಮೇಲೆ ನಾನು ಅದರಲ್ಲಿ ನೋಡುವುದು ಹೆಚ್ಚಾಗಿ ತಳವನ್ನೇ. ಮೀನು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಅದು ಬಂದು ನಿಲ್ಲುವ ಬಂಡೆಯ ಅಂಚು, ಕೆಸರು ಮುಗಿದು ಮರಳು ಶುರುವಾಗುವ ಗಡಿ, ಇವು ಅಲ್ಲೇ ಇರುತ್ತವೆ. ಆ ಜಾಗವನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಂಡು ಮುಂದಿನ ತಿಂಗಳು ಮತ್ತೆ ಅದರ ನೆತ್ತಿಗೇ ಹೋಗಿ ನಿಲ್ಲಬಹುದು. ಸೋನಾರ್ ಮತ್ತು ಪ್ಲಾಟರ್ (ದೋಣಿ ಇರುವ ಜಾಗವನ್ನು ಸಮುದ್ರದ ನಕ್ಷೆಯ ಮೇಲೆ ತೋರಿಸುವ ಪರದೆ) ಒಟ್ಟಿಗಿರುವುದರ ಲಾಭ ಅಂದರೆ ಅದು. ಆ ಲಾಭ ಕೈಗೆ ಹತ್ತಲು ನನಗೆ ಒಂದೂವರೆ ವರ್ಷ ಹಿಡಿಯಿತು. ತಪ್ಪು ಅರ್ಧ ಯಂತ್ರದ್ದು, ಅರ್ಧ ನನ್ನದು.

ನನ್ನದು ಆರೂವರೆ ಮೀಟರ್ ಉದ್ದದ ಫೈಬರ್ ದೋಣಿ, ಹಿಂದೆ ಒಂದೇ ಔಟ್‌ಬೋರ್ಡ್ ಎಂಜಿನ್. ಗಾಳ ಹಾಕುವುದು 10ರಿಂದ 60 ಮೀಟರ್ ಆಳದಲ್ಲಿ. ಒಂಬತ್ತು ಇಂಚಿನ ಪ್ಲಾಟರ್ ಮೊದಲೇ ಇತ್ತು. ಬೇರೆ ಕಂಪನಿಯ ಒಂದು ಸೋನಾರ್ ಕೂಡ ಇತ್ತು. ಎರಡನ್ನೂ ದೋಣಿಯ ಉಪಕರಣಗಳನ್ನು ಒಂದಕ್ಕೊಂದು ಬೆಸೆಯುವ ಎನ್‌ಎಂಇಎ 2000 ಅನ್ನುವ ಜಾಲದ ತಂತಿಗೆ ಸೇರಿಸಿದರೆ ಸೋನಾರ್ ಚಿತ್ರ ಪ್ಲಾಟರ್ ಪರದೆಯಲ್ಲಿ ಮೂಡುತ್ತದೆ ಅಂತ ನಂಬಿ ಒಂದು ಭಾನುವಾರ ಪೂರ್ತಿ ಕೂತು ತಂತಿ ಎಳೆದೆ. ಸಂಜೆಗೆ ಪರದೆಯ ಮೂಲೆಯಲ್ಲಿ ಬಂದದ್ದು ಒಂದು ಅಂಕಿ: 7.4 ಮೀಟರ್. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆ ಜಾಲದ ವೇಗ ಸೆಕೆಂಡಿಗೆ 250 ಕಿಲೋಬಿಟ್ ಮಾತ್ರ. ಆಳ, ನೀರಿನ ಉಷ್ಣತೆ, ವೇಗದಂಥ ಅಂಕಿಗಳಿಗೆ ಅದು ಧಾರಾಳ. ಚಿತ್ರವನ್ನು ಹೊರುವ ಕೆಲಸ ಅದರದ್ದಲ್ಲ. ಚಿತ್ರ ಬೇಕಾದರೆ ಸೋನಾರ್ ಪ್ಲಾಟರ್ ಒಳಗೇ ಇರಬೇಕು, ಇಲ್ಲವೇ ಅದೇ ಕಂಪನಿಯ ಸೋನಾರ್ ಡಬ್ಬಿಯನ್ನು ಈಥರ್ನೆಟ್ ತಂತಿಯಲ್ಲಿ ಜೋಡಿಸಬೇಕು. ಕೊನೆಗೆ ಆ ಡಬ್ಬಿಯನ್ನೇ ತಂದೆ. ಈ ವಿಮರ್ಶೆ ಆ ಜೋಡಿಯದ್ದು.

ಮೊದಲ ಆರು ತಿಂಗಳು ನಿರಾಸೆ. ಮೆಲ್ಲಗೆ ಹೋಗುವಾಗ ತಳ ಸ್ಪಷ್ಟ, ವೇಗ 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ದಾಟಿದರೆ ಪರದೆ ತುಂಬ ಹಿಟ್ಟು ಚೆಲ್ಲಿದಂತೆ, ಆಳದ ಅಂಕಿ ಮಿನುಗಿ ಮಾಯ. ಡಬ್ಬಿಯೇ ಕೆಟ್ಟದ್ದು ಅಂದುಕೊಂಡು ಬದಲಿಸಿ ಕೊಡಿ ಅಂತ ಕೇಳುವವನಿದ್ದೆ. ಕೆಟ್ಟದ್ದು, ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಟ್ರಾನ್ಸ್‌ಡ್ಯೂಸರ್ ಅನ್ನು ನಾನು ಕೂರಿಸಿದ ಜಾಗ. ಶಬ್ದಕ್ಕೆ ಗಾಳಿಯೇ ವೈರಿ. ಟ್ರಾನ್ಸ್‌ಡ್ಯೂಸರ್‌ನ ಮುಖದ ಕೆಳಗೆ ಗುಳ್ಳೆಗಳು ಹರಿದರೆ ಅದು ಕುರುಡು. ದೋಣಿಯ ಅಡಿಯಲ್ಲಿ ಉದ್ದಕ್ಕೆ ಓಡುವ ಏಣೊಂದರ ನೇರ ಹಿಂದೆ ನಾನದನ್ನು ತಿರುಪು ಹಾಕಿ ಬಿಗಿದಿದ್ದೆ, ಆ ಏಣು ವೇಗದಲ್ಲಿ ಗುಳ್ಳೆಗಳ ಸಾಲನ್ನೇ ಬಿಡುತ್ತಿತ್ತು. ಅಲ್ಲಿಂದ ಒಂದು ಗೇಣು ಬಲಕ್ಕೆ ಸರಿಸಿ, ದೋಣಿಯ ತಳಕ್ಕಿಂತ ಮೂರು ಮಿಲಿಮೀಟರ್ ಕೆಳಗೆ ಇಳಿಸಿ, ಹಿಂತುದಿ ಕೂದಲೆಳೆಯಷ್ಟು ಕೆಳಗಿರುವಂತೆ ವಾಲಿಸಿದೆ. ಈಗ 20 ನಾಟ್‌ವರೆಗೆ ತಳ ತಪ್ಪುವುದಿಲ್ಲ. ಮುಂದಕ್ಕೆ ಹೋಗುವಾಗ ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗುವ ದೋಣಿಗಳಲ್ಲಿ ಬಲಬದಿಯೇ ವಾಸಿ, ಆ ಬದಿಯಲ್ಲಿ ರೆಕ್ಕೆಗಳು ಕೆಳಗಿಳಿಯುತ್ತವೆ. ಹಳೆಯ ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಿದ ಗುರುತು ಈಗಲೂ ದೋಣಿಯ ಹಿಂಬದಿಯಲ್ಲಿದೆ, ನನ್ನ ಅವಸರದ ಸಾಕ್ಷಿಯಾಗಿ.

ಇನ್ನು ಪರದೆ ಓದುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಜೊತೆ ದೋಣಿ ಹತ್ತುವ ಪ್ರತಿಯೊಬ್ಬರೂ ಇದೇ ತಪ್ಪು ಮಾಡುತ್ತಾರೆ. ಪರದೆಯ ಎಡಗಡೆ ಮೀನಿನ ಗುರುತಾದ ಒಂದು ಕಮಾನು ಕಂಡ ಕೂಡಲೇ "ಅಗೋ, ಎಡಕ್ಕೆ ಮೀನು, ಅಲ್ಲಿಗೆ ಬಿಡು" ಅನ್ನುತ್ತಾರೆ. ಜಗತ್ತಿನ ಮೊದಲ ವಾಣಿಜ್ಯ ಫಿಶ್ ಫೈಂಡರ್ ಅನ್ನು 1948ರಲ್ಲಿ ಜಪಾನಿನ ಫುರುನೊ ಸೋದರರು ತಂದರು. ಹಳೆಯ ಯಂತ್ರಗಳಲ್ಲಿ ಕಾಗದದ ಸುರುಳಿ ಸರಿಯುತ್ತಾ ಅದರ ಮೇಲೆ ಗೆರೆ ಬೀಳುತ್ತಿತ್ತು. ಇವತ್ತಿನ ಬಣ್ಣದ ಪರದೆ ಕೂಡ ಅಂಥ ಸುರುಳಿಯೇ. ಬಲತುದಿಯ ಒಂದು ಗೆರೆ ಮಾತ್ರ ಈ ಕ್ಷಣದ್ದು. ಅದರ ಎಡಕ್ಕಿರುವುದೆಲ್ಲ ಕಳೆದುಹೋದದ್ದು. ಎಡ ಅಂದರೆ ದೋಣಿಯ ಎಡವಲ್ಲ, ಹಿಂದಿನ ಹೊತ್ತು. ಲಂಗರು ಹಾಕಿ ನಿಂತಾಗಲೂ ಚಿತ್ರ ಸರಿಯುತ್ತಲೇ ಇರುತ್ತದೆ, ದೋಣಿ ಮಾತ್ರ ಅಲ್ಲಾಡಿರುವುದಿಲ್ಲ. ಆಗ ಅಡಿಯಲ್ಲಿ ಒಂದೇ ಮೀನು ಸುಮ್ಮನೆ ನಿಂತಿದ್ದರೂ ಪರದೆಯ ಉದ್ದಕ್ಕೂ ಗೆರೆ ಎಳೆಯುತ್ತದೆ. ಅದನ್ನು ನೋಡಿ ಎಷ್ಟು ಉದ್ದದ ಮೀನು ಅಂತ ಬಾಯಿಬಿಟ್ಟವರನ್ನು ಕಂಡಿದ್ದೇನೆ.

ಕಮಾನು ಬರುವುದು ಶಬ್ದ ಶಂಕುವಿನಂತೆ ಹರಡುವುದರಿಂದ. ಮೀನು ಶಂಕುವಿನ ಅಂಚಿನಲ್ಲಿರುವಾಗ ದೂರ, ನಡುವಿಗೆ ಬಂದಾಗ ಹತ್ತಿರ, ಆಚೆ ಅಂಚಿಗೆ ಹೋದಾಗ ಮತ್ತೆ ದೂರ. ಮೀನಿನ ಗಾತ್ರ ತಿಳಿಯಲು ಕಮಾನಿನ ಉದ್ದ ನೋಡಿ ಪ್ರಯೋಜನವಿಲ್ಲ, ಗೆರೆಯ ದಪ್ಪ ಮತ್ತು ಬಣ್ಣ ನೋಡಬೇಕು. ಅದೂ ಅಂದಾಜೇ. ಪ್ರತಿಧ್ವನಿಯ ಬಹುಪಾಲು ಬರುವುದು ಮೀನಿನ ಒಳಗಿರುವ ಗಾಳಿಚೀಲದಿಂದ. ಶಾರ್ಕ್‌ಗೆ ಆ ಚೀಲವೇ ಇಲ್ಲ, ಹಾಗಾಗಿ ಮೈ ದೊಡ್ಡದಿದ್ದರೂ ಗುರುತು ಸಪ್ಪೆ. ಕಮಾನುಗಳ ಬದಲು ಮೀನಿನ ಚಿತ್ರ ತೋರಿಸುವ ಆಯ್ಕೆಯೊಂದಿದೆ, ನೀವು ಕೊಂಡ ದಿನವೇ ಅದನ್ನು ನಿಲ್ಲಿಸಿಬಿಡಿ. ತೇಲುವ ಪಾಚಿ, ಗುಳ್ಳೆಯ ಗುಂಪು, ನಮ್ಮದೇ ಗಾಳದ ಸೀಸ, ಎಲ್ಲಕ್ಕೂ ಅದು ಮೀನಿನ ಬಾಲ ಅಂಟಿಸುತ್ತದೆ.

ನಕ್ಷೆಯ ಜೊತೆ ಸೇರಿದಾಗ ಈ ಸುರುಳಿಗೆ ಬೇರೆಯೇ ಬೆಲೆ ಬರುತ್ತದೆ. ಹಿಂದೆ ಸರಿದುಹೋದ ಬಂಡೆಯ ಮೇಲೆ ಬೆರಳಿಟ್ಟರೆ ಸಾಕು, ಆ ಗೆರೆ ಮೂಡಿದ ಹೊತ್ತಿನಲ್ಲಿ ದೋಣಿ ಎಲ್ಲಿತ್ತೋ ಅಲ್ಲಿಗೆ ಪ್ಲಾಟರ್ ಗುರುತು ಹಾಕುತ್ತದೆ. ಇದು ಗೊತ್ತಿಲ್ಲದೆ ಮೊದಲ ವರ್ಷವೆಲ್ಲ ಬಂಡೆ ಕಂಡ ಮೇಲೆ ಗುಂಡಿ ಒತ್ತುತ್ತಿದ್ದೆ. 6 ನಾಟ್ ಅಂದರೆ ಸೆಕೆಂಡಿಗೆ ಸುಮಾರು 3 ಮೀಟರ್. ಹತ್ತು ಸೆಕೆಂಡು ತಡವಾದರೆ ಗುರುತು 30 ಮೀಟರ್ ಆಚೆ. ಮರುವಾರ ಬಂದು ಲಂಗರು ಬಿಟ್ಟರೆ ಅಡಿಯಲ್ಲಿ ಬರೀ ಕೆಸರು. ಬಂಡೆಯೇ ಓಡಿಹೋಯಿತೇನೋ ಅನ್ನುವಷ್ಟು ಸಿಟ್ಟು ಬಂದಿತ್ತು.

ಬೆರಳಿಟ್ಟು ಗುರುತು ಹಾಕಿದರೂ ಸೂಜಿಮೊನೆಯಷ್ಟು ನಿಖರ ಅಂತ ತಿಳಿಯಬೇಡಿ. ನನ್ನ ಟ್ರಾನ್ಸ್‌ಡ್ಯೂಸರ್ 200 ಕಿಲೋಹರ್ಟ್ಸ್ ಆಸುಪಾಸಿನ ಕಂಪನಾಂಕದಲ್ಲಿ 12 ಡಿಗ್ರಿಯ ಶಂಕು ಬಿಡುತ್ತದೆ, 40 ಮೀಟರ್ ಆಳದಲ್ಲಿ ಅದು ಸುಮಾರು ಎಂಟು ಮೀಟರ್ ಅಗಲದ ವೃತ್ತ. 50 ಕಿಲೋಹರ್ಟ್ಸ್‌ಗೆ ಬಂದರೆ 45 ಡಿಗ್ರಿ, ಅದೇ ಆಳದಲ್ಲಿ ವೃತ್ತ 33 ಮೀಟರ್. ಬಂಡೆ ಆ ವೃತ್ತದೊಳಗೆ ಯಾವ ಮೂಲೆಯಲ್ಲಾದರೂ ಇರಬಹುದು. ಕಡಿಮೆ ಕಂಪನಾಂಕ ಆಳಕ್ಕೆ ಹೋಗುತ್ತದೆ, ಅಗಲ ತೋರಿಸುತ್ತದೆ, ವಿವರ ಕಳೆಯುತ್ತದೆ. ಹಾಗಾಗಿ ಹುಡುಕುವಾಗ 50, ಗುರುತು ಹಾಕುವಾಗ 200. ಅದೇ ಬಂಡೆಯ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಾದು ಎರಡು ಗುರುತು ಹಾಕಿ, ಅವುಗಳ ನಡುವೆ ಲಂಗರು ಬಿಡುವುದು ನನ್ನ ಪದ್ಧತಿ. ಜಿಪಿಎಸ್ ಆಂಟೆನಾ ಮುಂದೆ, ಟ್ರಾನ್ಸ್‌ಡ್ಯೂಸರ್ ಹಿಂದೆ ಇದ್ದರೆ ಆ ನಾಲ್ಕು ಮೀಟರ್ ಅಂತರ ಕೂಡ ಲೆಕ್ಕಕ್ಕೆ ಬರುತ್ತದೆ. ನಾನು ಆಂಟೆನಾವನ್ನೇ ಹಿಂದಕ್ಕೆ ಒಯ್ದೆ.

ಕಡಿದಾದ ಇಳಿಜಾರಿನಲ್ಲಿ ಮಾತ್ರ ಎಚ್ಚರ. ಶಂಕುವಿನೊಳಗೆ ಎತ್ತರದ ಭಾಗವೇ ಮೊದಲು ಪ್ರತಿಧ್ವನಿ ಕೊಡುವುದರಿಂದ ಯಂತ್ರ ಅದನ್ನೇ ತಳ ಅನ್ನುತ್ತದೆ, ಅದಕ್ಕಿಂತ ಕೆಳಗೆ ಇಳಿಜಾರಿಗೆ ಒತ್ತಿಕೊಂಡ ಮೀನು ಕಾಣುವುದೇ ಇಲ್ಲ. ಎಷ್ಟೋ ಸಲ ಖಾಲಿ ಪರದೆಯ ಕೆಳಗೆ ಗಾಳ ಎಳೆದಿದೆ.

ಚರ್ಪ್ ಅನ್ನುವ ಬಗೆಯ ಸೋನಾರ್ ಬಗ್ಗೆ ಮಾರಾಟಗಾರರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಒಂದೇ ಕಂಪನಾಂಕದ ಬದಲು ಒಂದು ಪಟ್ಟಿಯನ್ನೇ, ಉದಾಹರಣೆಗೆ 150ರಿಂದ 240 ಕಿಲೋಹರ್ಟ್ಸ್‌ವರೆಗೆ, ಗುಡಿಸಿದಂತೆ ಬಿಡುತ್ತದೆ. ತಳಕ್ಕೆ ಅಂಟಿ ನಿಂತ ಮೀನು ಬೇರೆಯಾಗಿ ಕಾಣುತ್ತದೆ, ಬಿಸಿ ನೀರು ತಣ್ಣೀರು ಸೇರುವ ಪದರ ತೆಳುವಾದ ಮಂಜಿನಂತೆ ಕಾಣುತ್ತದೆ. 20 ಮೀಟರ್ ಒಳಗೆ ಗಾಳ ಹಾಕುವವರಿಗೆ ಹಳೆಯ ಸೋನಾರ್‌ಗಿಂತ ಹೆಚ್ಚೇನೂ ಅನ್ನಿಸಲಿಕ್ಕಿಲ್ಲ.

ಆಳದ ಅಂಕಿಯ ವಿಷಯ. ನಕ್ಷೆ 3 ಮೀಟರ್ ಅನ್ನುತ್ತದೆ, ಸೋನಾರ್ 4.2 ಅನ್ನುತ್ತದೆ, ಯಾರು ಸುಳ್ಳು? ಇಬ್ಬರೂ ಅಲ್ಲ. ಸಮುದ್ರದ ನಕ್ಷೆಯ ಆಳ ಇಳಿತದ ಕೆಳಮಟ್ಟದಿಂದ ಅಳೆದದ್ದು, ಸೋನಾರ್ ಹೇಳುವುದು ಆ ಗಳಿಗೆಯ ನೀರನ್ನು, ಅದೂ ಟ್ರಾನ್ಸ್‌ಡ್ಯೂಸರ್‌ನ ಮುಖದಿಂದ ಕೆಳಕ್ಕೆ. ಆಫ್‌ಸೆಟ್ ಅನ್ನುವ ಒಂದು ಅಂಕಿ ತುಂಬಿದರೆ ನೀರಿನ ಮೇಲ್ಮೈಯಿಂದಲೋ ದೋಣಿಯ ತೀರಾ ಕೆಳಭಾಗದಿಂದಲೋ ತೋರಿಸುವಂತೆ ಮಾಡಬಹುದು. ಯಾವುದನ್ನು ಆರಿಸಿದ್ದೀರಿ ಅಂತ ಪರದೆಯ ಪಕ್ಕ ಬರೆದು ಅಂಟಿಸಿ. ನಾನು ಬರೆದಿರಲಿಲ್ಲ, ಎರಡನೆಯ ವರ್ಷ ಮರಳದಿಬ್ಬ ಹತ್ತಿದೆ. ಆಳ ಕಡಿಮೆಯಾದರೆ ಕೂಗುವ ಅಲಾರಂ ಕೂಗಿತು, ದೋಣಿ ನಿಂತ ಮೇಲೆ. ಸೋನಾರ್ ನೋಡುವುದು ಕಾಲಡಿಯನ್ನು, ಮೂಗಿನ ಮುಂದೆ ಏನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಮುಂದಿನದನ್ನು ನಕ್ಷೆ ಹೇಳಬೇಕು, ಆದರೆ ಮರಳದಿಬ್ಬ ಜಾಗ ಬದಲಿಸುತ್ತದೆ, ನಕ್ಷೆ ಬದಲಿಸಿರುವುದಿಲ್ಲ. ಪ್ಲಾಟರ್‌ನಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಸಮೀಕ್ಷೆಯಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ, ಗೆರೆಗಳು ದೊಡ್ಡದಾಗಿ ಕಾಣುತ್ತವೆ ಅಷ್ಟೇ.

ನಾನೇ ಓಡಾಡಿದ ದಾರಿಯ ಆಳ ದಾಖಲಿಸಿ ಸ್ವಂತ ಆಳದ ಗೆರೆಗಳನ್ನು ಬಿಡಿಸುವ ಸೌಲಭ್ಯ ಇದರಲ್ಲಿದೆ. ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ. ಉಬ್ಬರ ಇಳಿತದ ತಿದ್ದುಪಡಿ ಹಾಕದೆ ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದರೆ ಇಲ್ಲದ ಮೆಟ್ಟಿಲುಗಳು ಮೂಡುತ್ತವೆ, ನನ್ನ ಮೊದಲ ನಕ್ಷೆಯಲ್ಲಿ ಅಂಥ ಮೆಟ್ಟಿಲುಗಳೇ ತುಂಬಿದ್ದವು. ಉಪ್ಪುನೀರೋ ಸಿಹಿನೀರೋ ಅನ್ನುವ ಆಯ್ಕೆ ಕೂಡ ಸರಿಯಿರಲಿ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಉಪ್ಪುನೀರಿನಲ್ಲಿ ಕೊಂಚ ಹೆಚ್ಚು, ಸಿಹಿನೀರಿನಲ್ಲಿ ಕೊಂಚ ಕಡಿಮೆ. 30 ಮೀಟರ್‌ನಲ್ಲಿ ಮುಕ್ಕಾಲು ಮೀಟರ್, ಒಂದು ಮೀಟರ್ ಹೆಚ್ಚುಕಡಿಮೆಯಾಗುತ್ತದೆ.

ಕೆಟ್ಟುಹೋದದ್ದರ ಲೆಕ್ಕ. ಮೂರನೆಯ ವರ್ಷ ಎನ್‌ಎಂಇಎ ಜಾಲ ಹುಚ್ಚುಹುಚ್ಚಾಗಿ ಆಡತೊಡಗಿತು, ಆಳ ಬರುತ್ತದೆ, ಹೋಗುತ್ತದೆ. ಕರೆಂಟು ತೆಗೆದು ಮೀಟರ್ ಹಿಡಿದರೆ ಎರಡು ದತ್ತಾಂಶ ತಂತಿಗಳ ನಡುವೆ 60 ಓಮ್ ಇರಬೇಕಾದಲ್ಲಿ 120. ಜಾಲದ ಎರಡು ತುದಿಗೂ 120 ಓಮ್‌ನ ಟರ್ಮಿನೇಟರ್ ಅನ್ನುವ ರೋಧಕ ಇರುತ್ತದೆ, ಎರಡೂ ಸರಿಯಿದ್ದರೆ ಮೀಟರ್ 60 ತೋರಿಸುತ್ತದೆ. ಒಂದರೊಳಗೆ ಉಪ್ಪುನೀರು ಇಳಿದು ಪಿನ್ನುಗಳು ಹಸಿರುಗಟ್ಟಿದ್ದವು. ಹೆಬ್ಬೆರಳಿನಷ್ಟು ವಸ್ತುವಿಗಾಗಿ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ನೀರೆತ್ತುವ ಪಂಪ್ ಓಡಿದಾಗೆಲ್ಲ ಪರದೆಯಲ್ಲಿ ಉದ್ದುದ್ದ ಗೆರೆ ಬೀಳುತ್ತಿತ್ತು. ಸೋನಾರ್‌ಗೆ ಬ್ಯಾಟರಿಯಿಂದಲೇ ಬೇರೆ ತಂತಿ, ಬೇರೆ ಫ್ಯೂಸ್ ಕೊಟ್ಟ ಮೇಲೆ ಹೋಯಿತು. ಪಕ್ಕದ ದೋಣಿ ಅದೇ ಕಂಪನಾಂಕದಲ್ಲಿದ್ದರೆ ಬರುವ ಓರೆ ಚುಕ್ಕೆಗಳಿಗೆ ಮದ್ದು, ನಾವು ಬೇರೆ ಕಂಪನಾಂಕಕ್ಕೆ ಹೋಗುವುದು.

ಸಾಫ್ಟ್‌ವೇರ್ ಬಗ್ಗೆ ಒಳ್ಳೆಯ ಮಾತಿಲ್ಲ. ಒಂದು ಅಪ್‌ಡೇಟ್ ಮಾಡಿದ ರಾತ್ರಿ ಎರಡು ವರ್ಷದ ಗುರುತುಗಳೆಲ್ಲ ಅಳಿಸಿಹೋದವು. ಸಹಾಯಕ್ಕೆ ಕೇಳಿದರೆ "ನೀವು ಮೊದಲೇ ನಕಲು ತೆಗೆದಿಡಬೇಕಿತ್ತು" ಅಂದರು. ಹೌದು, ತೆಗೆದಿಡಬೇಕಿತ್ತು; ಅಪ್‌ಡೇಟ್ ಮಾಡುವ ಮೊದಲು ಪರದೆ ಆ ಒಂದು ಸಾಲು ಹೇಳಬಹುದಿತ್ತು ಕೂಡ. ಈಗ ಪ್ರತಿ ಸಲ ದಡಕ್ಕೆ ಬಂದ ಮೇಲೆ ಮೆಮೊರಿ ಕಾರ್ಡಿಗೆ ಇಳಿಸುತ್ತೇನೆ.

ಹೊಸದಾಗಿ ಕೊಳ್ಳುವವರು ಪರದೆಯನ್ನು ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ. ನಕ್ಷೆ ಅರ್ಧ, ಸೋನಾರ್ ಅರ್ಧ ಇಟ್ಟಾಗ ಒಂಬತ್ತು ಇಂಚು ಕೂಡ ಬಿಸಿಲಿನಲ್ಲಿ ಚಿಕ್ಕದೇ. ಉಳಿದ ಹಣ ಇದ್ದರೆ ದಿಕ್ಸೂಚಿ ಸೆನ್ಸರ್‌ಗೆ ಹಾಕಿ. ದೋಣಿ ನಿಂತಾಗ ಮೂತಿ ಎತ್ತ ಇದೆ ಅಂತ ಜಿಪಿಎಸ್‌ಗೆ ತಿಳಿಯದು, ನಕ್ಷೆಯ ಮೇಲೆ ದೋಣಿಯ ಗುರುತು ಬುಗುರಿಯ ಹಾಗೆ ಸುತ್ತುತ್ತದೆ. ಗಾಳಿಗೆ ತೇಲುತ್ತಾ ಗಾಳ ಹಾಕುವವರಿಗೆ ಇದು ದೊಡ್ಡ ಕಿರಿಕಿರಿ.

ತಳ ಗಟ್ಟಿಯೋ ಮೆದುವೋ ಅಂತ ನೋಡಲು ನಾನು ಗೇನ್ (ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಹೊಂದಿಕೆ) ಏರಿಸಿ ಎರಡನೆಯ ಪ್ರತಿಧ್ವನಿಗೆ ಕಾಯುತ್ತೇನೆ. ಶಬ್ದ ತಳಕ್ಕೆ ಬಡಿದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬಂದರೆ ದುಪ್ಪಟ್ಟು ಆಳದಲ್ಲಿ ಇನ್ನೊಂದು ತಳ ಮೂಡುತ್ತದೆ. ಅದು ದಟ್ಟವಾಗಿದ್ದರೆ ಕೆಳಗೆ ಗಟ್ಟಿ ನೆಲ. ಹೋದ ತಿಂಗಳು 22 ಮೀಟರ್‌ನಲ್ಲಿ ಅಂಥ ಒಂದು ದಟ್ಟ ಗೆರೆ ಬಂತು. ಬಂಡೆ ಇರಬೇಕು ಅಂದುಕೊಂಡೆ. ದೋಣಿಯಲ್ಲಿ ಈಗಲೂ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡೊಂದಿದೆ, ಅಡಿಯಲ್ಲಿ ಕುಳಿಯಿರುವಂಥದ್ದು. ಕುಳಿಗೆ ಗ್ರೀಸ್ ಮೆತ್ತಿ ಇಳಿಬಿಟ್ಟೆ. ಮೇಲೆ ಬಂದಾಗ ಗ್ರೀಸಿನ ತುಂಬ ಒಡೆದ ಚಿಪ್ಪಿನ ಚೂರು ಅಂಟಿತ್ತು. ನಕ್ಷೆಯ ಆ ಗುರುತಿಗೆ "ಬಂಡೆ" ಅಂತ ಬರೆದದ್ದನ್ನು ಅಳಿಸಿ "ಚಿಪ್ಪು" ಅಂತ ತಿದ್ದಿದೆ.